ಬಣ್ಣದ ಫಿಲ್ಮು, ಕಪ್ಪು-ಬಿಳುಪು ಕೆಮಿಕಲ್ಲು: ಆರು ರೋಲ್ ತೊಳೆದ ಲೆಕ್ಕ

ಬಣ್ಣದ ಫಿಲ್ಮನ್ನು ಕಪ್ಪು-ಬಿಳುಪು ಕೆಮಿಕಲ್ಲಿನಲ್ಲಿ ತೊಳೆದು ನೋಡುವ ಪ್ರಯೋಗದಲ್ಲಿ ಆರು ರೋಲ್ ಮುಗಿದಿವೆ. ಮೂರು ಚೆನ್ನಾಗಿ ಬಂದವು, ಒಂದು ಅರ್ಧಂಬರ್ಧ, ಎರಡು ಪೂರಾ ಹಾಳು. ಎಲ್ಲವೂ 35 ಎಂಎಂ, 36 ಫ್ರೇಮಿನ, ಐಎಸ್‌ಒ 200ರ ಅಗ್ಗದ ಸಿ-41 (ಬಣ್ಣದ ನೆಗೆಟಿವ್ ತೊಳೆಯುವ ಮಾಮೂಲಿ ಪದ್ಧತಿ) ಫಿಲ್ಮು. ಐದು ಹೊಸವು, ಒಂದು ಅವಧಿ ಮುಗಿದು ಹತ್ತು ವರ್ಷ ದಾಟಿದ್ದು. ಹೋಲಿಸಿ ನೋಡಲು ಸಿಗಲೆಂದು ಪ್ರತಿ ರೋಲಿನಲ್ಲೂ ಒಂದೇ ಬಗೆಯ ದೃಶ್ಯಗಳು: ಬಿಸಿಲು ಬಿದ್ದ ಗೋಡೆ, ಬಾಗಿಲೊಳಗಿನ ನೆರಳು, ಕಪ್ಪು ಬಟ್ಟೆ, ಬಿಳಿ ಕಾಗದ.

ಸಿ-41 ಪದ್ಧತಿಯಲ್ಲಿ ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) 37.8 ಡಿಗ್ರಿಯಲ್ಲಿರಬೇಕು, ಅದೂ 0.15 ಡಿಗ್ರಿ ಆಚೀಚೆ ಮಾತ್ರ, 3 ನಿಮಿಷ 15 ಸೆಕೆಂಡ್. ಕಪ್ಪು-ಬಿಳುಪಿನಲ್ಲಿ 20 ಡಿಗ್ರಿ ಸಾಕು, ಅರ್ಧ ಡಿಗ್ರಿ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಬಣ್ಣ ಬೇಡವೆಂದಾದರೆ ಈ ದಾರಿ ಹಿಡಿಯಲು ಇಷ್ಟೇ ಕಾರಣ ಸಾಕು.

ಮೊದಲೇ ತಿಳಿದಿರಬೇಕಾದದ್ದು ಒಂದು. ಕಪ್ಪು-ಬಿಳುಪು ಡೆವಲಪರಿನಲ್ಲಿ ಬಣ್ಣ ಹುಟ್ಟುವುದಿಲ್ಲ, ಬೆಳ್ಳಿಯ ಚಿತ್ರ ಮಾತ್ರ ಮೂಡುತ್ತದೆ. ಬಣ್ಣದ ಫಿಲ್ಮಿನ ತಳಕ್ಕೆ ಬಣ್ಣ ಕೊಡುವ ಕಿತ್ತಳೆ ಮಾಸ್ಕ್ ಹಾಗೇ ಉಳಿಯುತ್ತದೆ. ಸಿ-41ರಲ್ಲಿ ಬ್ಲೀಚ್ ಬಂದು ಬೆಳ್ಳಿಯನ್ನೆಲ್ಲ ಮತ್ತೆ ಬೆಳ್ಳಿಯ ಲವಣ ಮಾಡುತ್ತದೆ, ಫಿಕ್ಸರ್ (ಬೆಳ್ಳಿಯ ಲವಣ ಕರಗಿಸುವ ದ್ರಾವಣ) ಅದನ್ನು ತೆಗೆಯುತ್ತದೆ. ಇಲ್ಲಿ ಬ್ಲೀಚೇ ಇಲ್ಲ. ಹಾಗಾಗಿ ಫಿಲ್ಮಿನೊಳಗೆ ಮೊದಲಿಂದಲೇ ಇರುವ ಸಣ್ಣಕಣದ ಬೆಳ್ಳಿ, ಅಂದರೆ ಬೆಳಕು ಮರುಪ್ರತಿಫಲಿಸದಂತೆ ತಡೆಯುವ ಪದರ ಮತ್ತು ಹಲವು ಫಿಲ್ಮುಗಳಲ್ಲಿರುವ ಹಳದಿ ಫಿಲ್ಟರ್ ಪದರ, ಇವೂ ಉಳಿದುಬಿಡುತ್ತವೆ. ಒಣಗಿದ ಮೇಲೆ ಖಾಲಿ ಜಾಗ ಹಿಡಿದು ನೋಡಿದರೆ ಕಂದು ಗಾಜಿನ ಔಷಧದ ಬಾಟಲಿಯ ಮೂಲಕ ನೋಡಿದ ಹಾಗೆ. ಮುಂದಿನ ತಪ್ಪುಗಳಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಈ ದಟ್ಟ ತಳದಿಂದಲೇ.

ಬೇಕಾದದ್ದು

ಪ್ಯಾಟರ್ಸನ್ ಮಾದರಿಯ ಪ್ಲಾಸ್ಟಿಕ್ ಟ್ಯಾಂಕ್ (ಒಂದು 35 ಎಂಎಂ ರೀಲಿಗೆ 290 ಮಿ.ಲೀ.; ನಾನು 300 ಹಾಕುತ್ತೇನೆ), ಚೇಂಜಿಂಗ್ ಬ್ಯಾಗ್ (ಒಳಗೆ ಕೈ ಹಾಕಿ ಫಿಲ್ಮು ಏರಿಸುವ ಬೆಳಕು ನುಗ್ಗದ ಚೀಲ), ಅರ್ಧ ಡಿಗ್ರಿ ತೋರಿಸುವ ಥರ್ಮಾಮೀಟರ್, 10 ಮಿ.ಲೀ. ಸಿರಿಂಜ್, ಅಳತೆ ಜಾಡಿ ಎರಡು, ಕತ್ತರಿ, ಬಾಟಲಿ ಮುಚ್ಚಳ ತೆಗೆಯುವ ಓಪನರ್ (ಕ್ಯಾನಿನ ತಲೆ ಬಿಚ್ಚಲು), ಕ್ಲಿಪ್ಪು. ಡೆವಲಪರ್ ಕೊಡಕ್ ಎಚ್‌ಸಿ-110. ಫಿಕ್ಸರ್ ಅಮೋನಿಯಂ ಥಯೋಸಲ್ಫೇಟಿನ ರ‍್ಯಾಪಿಡ್ ಫಿಕ್ಸರ್, 1+4 (ಒಂದು ಪಾಲಿಗೆ ನಾಲ್ಕು ಪಾಲು ನೀರು). ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತಿಗೆ ಸಿಟ್ರಿಕ್ ಆಸಿಡ್, 300 ಮಿ.ಲೀ. ನೀರಿಗೆ 5 ಗ್ರಾಂ.

ಕೆಂಪು ದೀಪ ಇಲ್ಲಿ ನಡೆಯುವುದಿಲ್ಲ. ಫಿಲ್ಮು ಎಲ್ಲ ಬಣ್ಣಕ್ಕೂ ಸ್ಪಂದಿಸುತ್ತದೆ, ಪೂರ್ತಿ ಕತ್ತಲೆಯೇ ಬೇಕು. ಇನ್ನೊಂದು: ಡಬ್ಬಿಯ ಮೇಲೆ ಸಿ-41 ಎಂದಿದೆಯೋ ನೋಡಿ. ಇಸಿಎನ್-2 ಎಂದಿದ್ದರೆ ಅದು ಸಿನಿಮಾ ಫಿಲ್ಮು. ಅಂಥ ಹಲವು ಫಿಲ್ಮುಗಳ ಬೆನ್ನಿಗೆ ರೆಮ್‌ಜೆಟ್ ಎನ್ನುವ ಮಸಿಯ ಪದರ ಇರುತ್ತದೆ. ಅದನ್ನು ಅಡಿಗೆ ಸೋಡಾದ ನೀರಲ್ಲಿ ಸಡಿಲಿಸಿ ಉಜ್ಜಿ ತೆಗೆಯಬೇಕು. ಅದು ಬೇರೆಯೇ ಕೆಲಸ, ಇಲ್ಲಿಗೆ ಬೆರೆಸುವುದಿಲ್ಲ.

ರೋಲ್ 1: ಅರ್ಧಂಬರ್ಧ

ಐಎಸ್‌ಒ 200ಕ್ಕೇ ಮೀಟರ್ ಮಾಡಿದ್ದು, ಅಂದರೆ ಆ ವೇಗದ ಫಿಲ್ಮಿಗೆ ಬೇಕಾದಷ್ಟೇ ಬೆಳಕು ಕೊಟ್ಟದ್ದು. ಎಚ್‌ಸಿ-110 ಡೈಲ್ಯೂಷನ್ ಬಿ, ಅಂದರೆ 1+31. 300 ಮಿ.ಲೀ.ಗೆ 9.4 ಮಿ.ಲೀ. ಸಿರಪ್ಪು. 20 ಡಿಗ್ರಿ, 6 ನಿಮಿಷ. ಮೊದಲ 30 ಸೆಕೆಂಡ್ ಬಿಡದೆ ಮಗುಚುವುದು, ಆಮೇಲೆ ಪ್ರತಿ ನಿಮಿಷಕ್ಕೆ ನಾಲ್ಕು ಸಲ. ಫಿಕ್ಸರ್ 4 ನಿಮಿಷ, ಕಪ್ಪು-ಬಿಳುಪು ಫಿಲ್ಮಿಗೆ ಹಾಕುವಷ್ಟೇ.

ಟ್ಯಾಂಕ್ ಬಿಚ್ಚಿದಾಗ ಫಿಲ್ಮು ಕಂದಾಗಿತ್ತು, ಅದು ನಿರೀಕ್ಷೆಯೇ. ಆದರೆ ಎಮಲ್ಷನ್ (ಬೆಳಕಿಗೆ ಸ್ಪಂದಿಸುವ ಪದರ) ಇರುವ ಬದಿಯನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಕೆನೆಬಣ್ಣದ ಹಾಲುಹಾಲು ಪೊರೆ, ರೀಲಿನ ಒಳಸುತ್ತುಗಳಲ್ಲಿ ಹೆಚ್ಚು. ಫಿಕ್ಸ್ ಪೂರ್ತಿ ಆಗಿಲ್ಲ ಅಂತ ಅರ್ಥ. ತಳವೇ ಕಂದಾಗಿರುವುದರಿಂದ ಈ ಪೊರೆ ನೇರವಾಗಿ ನೋಡಿದರೆ ಕಣ್ಣಿಗೆ ಬೀಳುವುದಿಲ್ಲ, ಮೋಸ ಇರುವುದೇ ಅಲ್ಲಿ. ಹೆಚ್ಚು ಹೊತ್ತು ಬೆಳಕಿನಲ್ಲಿ ಇಡದೆ ಮತ್ತೆ ಫಿಕ್ಸರಿಗೆ ಹಾಕಿ 6 ನಿಮಿಷ ಬಿಟ್ಟಿದ್ದಕ್ಕೆ ಪೊರೆ ಹೋಯಿತು. ಡೆವಲಪರ್ ಆಗಲೇ ನಿಂತಿದ್ದರಿಂದ ಚಿತ್ರಕ್ಕೆ ಏನೂ ಆಗಲಿಲ್ಲ.

ಫಿಕ್ಸರ್ ಸರಿಹೋಯಿತು, ಎಕ್ಸ್‌ಪೋಷರ್ ಸರಿಹೋಗಲಿಲ್ಲ. ಬಿಸಿಲಿನ ಗೋಡೆ ಇದೆ, ಬಾಗಿಲೊಳಗಿನ ನೆರಳಿನಲ್ಲಿ ಏನೂ ಇಲ್ಲ. ನೆರಳಿನ ಸೂಕ್ಷ್ಮಗಳು ತಳದ ದಟ್ಟಣೆಯೊಳಗೇ ಮುಳುಗಿವೆ. ತಳ ತೆಳ್ಳಗಿದ್ದಿದ್ದರೆ ಅಷ್ಟು ಕಡಿಮೆ ಬೆಳ್ಳಿಯೂ ಓದಲು ಸಿಗುತ್ತಿತ್ತು.

ಫಿಕ್ಸರ್ ಪರೀಕ್ಷೆ, ರೋಲ್ 2ಕ್ಕೆ ಮೊದಲು

ಮಾಮೂಲಿ ಕ್ಲಿಪ್ ಟೆಸ್ಟಿನಲ್ಲಿ ಫಿಲ್ಮಿನ ತುದಿ ಪಾರದರ್ಶಕವಾಗುವ ಹೊತ್ತು ನೋಡುತ್ತಾರೆ. ಬಣ್ಣದ ಫಿಲ್ಮು ಎಷ್ಟು ಹೊತ್ತು ಬಿಟ್ಟರೂ ತಿಳಿಯಾಗದು, ಕಂದಾಗಿಯೇ ಇರುತ್ತದೆ. ಹಾಗಾಗಿ ಹೀಗೆ ಮಾಡಿ: ಕತ್ತರಿಸಿದ ಲೀಡರ್ (ಕ್ಯಾನಿನಿಂದ ಹೊರಗಿರುವ ಫಿಲ್ಮಿನ ತುದಿ) ತುಂಡಿನ ಎಮಲ್ಷನ್ ಬದಿಗೆ ಒಂದೇ ಒಂದು ಹನಿ ಫಿಕ್ಸರ್ ಇಟ್ಟು ಒಂದು ನಿಮಿಷ ಬಿಡಿ. ಅಲ್ಲೊಂದು ಮಚ್ಚೆ ಕಾಣುತ್ತದೆ. ಈಗ ಇಡೀ ತುಂಡನ್ನು ಗಾಜಿನ ಲೋಟದ ಫಿಕ್ಸರಿಗೆ ಹಾಕಿ ಗಡಿಯಾರ ಶುರು ಮಾಡಿ, ಲೋಟದ ಕೆಳಗೆ ಅಚ್ಚಾದ ಕಾಗದ ಇಡಿ. ಸುತ್ತಲಿನ ಭಾಗ ಮಚ್ಚೆಯ ಬಣ್ಣಕ್ಕೆ ಬಂದು ಮಚ್ಚೆ ಎಲ್ಲಿತ್ತೆಂದು ಗೊತ್ತಾಗದಾದಾಗ, ಕೆಳಗಿನ ಅಕ್ಷರ ಎಲ್ಲ ಕಡೆ ಒಂದೇ ಸಮ ಓದಲು ಬಂದಾಗ, ಗಡಿಯಾರ ನಿಲ್ಲಿಸಿ.

ಹೊಸ 1+4 ಫಿಕ್ಸರಿನಲ್ಲಿ ಈ ಫಿಲ್ಮಿಗೆ 3 ನಿಮಿಷ 20 ಸೆಕೆಂಡ್ ಬಂತು. ಅದೇ ಫಿಕ್ಸರಿನಲ್ಲಿ ಮಾಮೂಲಿ ಕಪ್ಪು-ಬಿಳುಪು ಫಿಲ್ಮಿನ ತುಂಡು ಒಂದು ನಿಮಿಷದೊಳಗೆ ತಿಳಿಯಾಯಿತು. ಪದರಗಳು ಹೆಚ್ಚು, ಹೊತ್ತೂ ಹೆಚ್ಚು. ಬಂದ ಹೊತ್ತಿನ ಮೂರರಷ್ಟು, ಅಂದರೆ 10 ನಿಮಿಷ ಎಂದು ನಿಗದಿ ಮಾಡಿದ್ದೇನೆ. ಹೊತ್ತು 5 ನಿಮಿಷ ದಾಟಿದರೆ ಆ ಫಿಕ್ಸರ್ ಬೇಡ. ಫಿಕ್ಸರಿನ ಲೆಕ್ಕದ ಪುಸ್ತಕದಲ್ಲಿ ಒಂದು ಬಣ್ಣದ ರೋಲನ್ನು ಎರಡು ರೋಲ್ ಎಂದೇ ಬರೆದುಕೊಳ್ಳುವುದು ಒಳ್ಳೆಯದು.

ರೋಲ್ 2: ದಾರಿ ಸಿಕ್ಕಿತು

ಐಎಸ್‌ಒ 100ಕ್ಕೆ ಮೀಟರ್, ಅಂದರೆ ಒಂದು ಸ್ಟಾಪ್ ಹೆಚ್ಚು ಬೆಳಕು, ಎರಡರಷ್ಟು. ಡೈಲ್ಯೂಷನ್ ಬಿ, 20 ಡಿಗ್ರಿ, 7 ನಿಮಿಷ 30 ಸೆಕೆಂಡ್. ಮಗುಚುವುದು ಮೊದಲಿನಂತೆ. ಫಿಕ್ಸರ್ 10 ನಿಮಿಷ. ನೆರಳು ಬಂತು, ಬಾಗಿಲ ಚಿಲಕವೂ ಬಂತು. ಬಿಳಿ ಕಾಗದದ ಮೇಲಿನ ಮಡಿಕೆಯೂ ಉಳಿದಿದೆ.

ಡೆವಲಪರಿಗೆ ಮೊದಲು 2 ನಿಮಿಷ ಬರೀ ನೀರಿನಲ್ಲಿ ನೆನೆಸಿದ್ದೆ. ಸುರಿದ ನೀರಿಗೆ ಬಣ್ಣ ಇಳಿದಿತ್ತು. ಬಳಸಿದ ಡೆವಲಪರೂ ಬಣ್ಣ ತಿರುಗಿ ಬಂತು. ಗಾಬರಿಯಾಗುವಂಥದ್ದಲ್ಲ, ಫಿಲ್ಮಿನೊಳಗಿನ ಡೈಗಳು ಅವು. ಎಚ್‌ಸಿ-110 ಈ ಅಳತೆಯಲ್ಲಿ ಒಂದೇ ಸಲಕ್ಕೆ, ಹೇಗೂ ಚೆಲ್ಲುವುದೇ. ಫಿಕ್ಸರ್ ಮಾತ್ರ ಮತ್ತೆ ಬಾಟಲಿಗೆ ಹೋಗುವುದರಿಂದ, ನೆನೆಸಿದ ನೀರನ್ನು ಪೂರ್ತಿ ಸುರಿಯದೆ ಮುಂದೆ ಹೋಗಬಾರದು.

ಸಿರಪ್ಪಿನ ಬಗ್ಗೆ ಒಂದು ಮಾತು. ಹಳೆಯ ಬಾಟಲಿಯದು ಜೇನಿನ ಹಾಗೆ ಗಟ್ಟಿ, ಈಚಿನದು ತೆಳ್ಳಗೆ. ಗಟ್ಟಿಯದಾದರೆ ಸಿರಿಂಜಿನ ಗೋಡೆಗೇ ಅರ್ಧ ಮಿ.ಲೀ. ಅಂಟಿಕೊಂಡು ಉಳಿಯುತ್ತದೆ, 9.4ರಲ್ಲಿ ಅರ್ಧ ಅಂದರೆ ಸಣ್ಣದಲ್ಲ. ಜಾಡಿಯ ನೀರನ್ನೇ ಸಿರಿಂಜಿಗೆ ಎರಡು ಮೂರು ಸಲ ಎಳೆದು ಬಿಟ್ಟರೆ ಲೆಕ್ಕ ಸರಿಹೋಗುತ್ತದೆ.

ರೋಲ್ 3: ರೋಡಿನಾಲ್ ಸ್ಟ್ಯಾಂಡ್, ಹಾಳು

"ಯಾವ ಫಿಲ್ಮಾದರೂ ಸರಿ, ರೋಡಿನಾಲ್ 1+100 ಹಾಕಿ ಒಂದು ಗಂಟೆ ಬಿಟ್ಟುಬಿಡಿ" ಎನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ರೋಡಿನಾಲ್ 1891ರಿಂದ ಇದೆ, ಕೆಟ್ಟ ಡೆವಲಪರೇನಲ್ಲ. ಎರಡು ರೀಲಿನ ಟ್ಯಾಂಕಿನಲ್ಲಿ ಕೆಳಗೆ ಫಿಲ್ಮಿನ ರೀಲ್, ಮೇಲೆ ಖಾಲಿ ರೀಲ್, 500 ಮಿ.ಲೀ. ನೀರಿಗೆ 5 ಮಿ.ಲೀ. ಮೊದಲು 30 ಸೆಕೆಂಡ್ ಮಗುಚಿ, ಒಂದು ಗಂಟೆ ಮುಟ್ಟದೆ ಬಿಟ್ಟದ್ದು, ಸ್ಟ್ಯಾಂಡ್ ಎನ್ನುವುದು ಇದಕ್ಕೇ.

ಎರಡು ಕಡೆ ಪೆಟ್ಟು ಬಿತ್ತು. ಒಂದು, ಮಬ್ಬು. ಒಂದು ಗಂಟೆಯ ಹೊತ್ತಿಗೆ ಬೆಳಕು ಬೀಳದ ಜಾಗವೂ ಒಂದಷ್ಟು ಕಪ್ಪಾಗಿ, ಮೊದಲೇ ದಟ್ಟವಾದ ತಳ ಇನ್ನೂ ದಟ್ಟವಾಯಿತು. ಎರಡು, ಪಟ್ಟೆಗಳು. ಆಕಾಶದ ಭಾಗದಲ್ಲಿ ಫಿಲ್ಮಿನ ಅಂಚಿನಿಂದ ಒಳಕ್ಕೆ ಬೆರಳಿನಂತೆ ಇಳಿದ ಗೆರೆಗಳು. ಸ್ಕೇಲ್ ಇಟ್ಟು ಅಳೆದರೆ ಗೆರೆಯಿಂದ ಗೆರೆಗೆ 4.75 ಮಿ.ಮೀ. ಅದು ಫಿಲ್ಮಿನ ಅಂಚಿನ ತೂತಿನಿಂದ ತೂತಿಗಿರುವ ಅಂತರವೇ. ಅಲುಗಾಡದ ಡೆವಲಪರಿನಲ್ಲಿ ಹುಟ್ಟುವ ಬ್ರೋಮೈಡ್ ಭಾರವಾಗಿ ಕೆಳಕ್ಕಿಳಿಯುತ್ತದೆ. ಇಳಿದ ದಾರಿಯಲ್ಲಿ ಡೆವಲಪ್ ಆಗುವುದು ನಿಧಾನ. ತೂತಿರುವಲ್ಲಿ ಎಮಲ್ಷನ್ ಇಲ್ಲ, ಬ್ರೋಮೈಡೂ ಇಲ್ಲ, ಅದರ ಕೆಳಗೆ ಹೆಚ್ಚು ಡೆವಲಪ್ ಆಗುತ್ತದೆ. ಸ್ಕ್ಯಾನ್ ಮಾಡಿ ಕಾಂಟ್ರಾಸ್ಟ್ ಏರಿಸಿದಷ್ಟೂ ಪಟ್ಟೆ ಎದ್ದು ಕಾಣುತ್ತದೆ. ಈ ಫಿಲ್ಮಿಗೆ ಕಾಂಟ್ರಾಸ್ಟ್ ಏರಿಸಲೇಬೇಕು, ಬೇರೆ ದಾರಿಯಿಲ್ಲ. ಅದಕ್ಕೇ ಸ್ಟ್ಯಾಂಡ್ ಇಲ್ಲಿಗೆ ಹೊಂದದು ಎನ್ನುವುದು.

ರೋಲ್ 4: ಕೆಫೆನಾಲ್, ಇದೂ ಹಾಳು

ಕೆಫೆನಾಲ್ ಅಂದರೆ ಕಾಫಿಯಿಂದ ಮಾಡುವ ಡೆವಲಪರ್. 1 ಲೀಟರಿಗೆ ನೀರಿಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ ಎನ್ನುವುದು ಎಲ್ಲರಿಗೂ ಗೊತ್ತಿರುವ ಅಳತೆ. 300 ಮಿ.ಲೀ.ಗೆ ಇಳಿಸಿದರೆ 16.2, 4.8, 12 ಗ್ರಾಂ. 20 ಡಿಗ್ರಿ, 15 ನಿಮಿಷ.

ಚಿತ್ರ ಮೂಡಿತು, ಅದರ ಮೇಲೆ ಕಾಫಿಯ ಕಲೆಯೂ ಕೂತಿತು. ತಿಳಿ ತಳದ ಕಪ್ಪು-ಬಿಳುಪು ಫಿಲ್ಮಿನಲ್ಲಿ ಈ ಕಲೆ ಪರವಾಗಿಲ್ಲ. ಇಲ್ಲಿ ಕಂದಿನ ಮೇಲೆ ಕಂದು. ಬಲ್ಬಿಗೆ ಹಿಡಿದರೂ ಫ್ರೇಮಿನ ಗಡಿ ಹುಡುಕಬೇಕಾಯಿತು. ವಾಷಿಂಗ್ ಸೋಡಾ ಹರಳಿನದೋ ನೀರಿಲ್ಲದ್ದೋ ಎಂದು ಡಬ್ಬಿ ನೋಡದೆ ಅಳೆದರೆ ಇನ್ನೊಂದು ತಪ್ಪು ಸೇರುತ್ತದೆ: ಹರಳಿನದು ಎರಡೂಮುಕ್ಕಾಲು ಪಟ್ಟು ತೂಕ ಬೇಕು. ಒಂದು ರೋಲಿಗೇ ಇದನ್ನು ನಿಲ್ಲಿಸಿದೆ.

ರೋಲ್ 5: ಅವಧಿ ಮುಗಿದದ್ದು

ಹಳೆಯ ಫಿಲ್ಮಿನಲ್ಲಿ ಮಬ್ಬು ಮೊದಲಿಂದಲೇ ಇರುತ್ತದೆ. ಹತ್ತು ವರ್ಷಕ್ಕೊಂದು ಸ್ಟಾಪ್ ಎನ್ನುವ ಅಂದಾಜು, ಅದರ ಮೇಲೆ ಕಂದು ತಳಕ್ಕೊಂದು ಸ್ಟಾಪ್. 200ರ ಫಿಲ್ಮನ್ನು 50ಕ್ಕೆ ಮೀಟರ್ ಮಾಡಿದ್ದು. ಮಬ್ಬು ತಡೆಯಲು ಬೆಂಜೋಟ್ರಯಜೋಲ್ 1 ಶೇಕಡಾ ದ್ರಾವಣ, 300 ಮಿ.ಲೀ. ಡೆವಲಪರಿಗೆ 3 ಮಿ.ಲೀ. ಈ ಪುಡಿ ತಣ್ಣೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. 1 ಗ್ರಾಂ ಪುಡಿಯನ್ನು 80 ಮಿ.ಲೀ. ಬಿಸಿನೀರಿನಲ್ಲಿ ಕರಗಿಸಿ, ಆರಿದ ಮೇಲೆ 100ಕ್ಕೆ ತುಂಬಿಸಬೇಕು. ಕೈಗವಸು ಹಾಕಿ, ಪುಡಿ ಮೂಗಿಗೆ ಹೋಗದಂತೆ ನೋಡಿಕೊಳ್ಳಿ. ಡೈಲ್ಯೂಷನ್ ಬಿ, 8 ನಿಮಿಷ.

ತಳ ರೋಲ್ 2ಕ್ಕಿಂತ ಸ್ವಲ್ಪ ದಟ್ಟ, ಕಾಳು (ಚಿತ್ರದ ಬೆಳ್ಳಿಕಣ) ಹೆಚ್ಚು ಒರಟು, ಆದರೆ 36ಕ್ಕೆ 36 ಫ್ರೇಮೂ ಬಳಸಲು ಬಂದವು. ಬೆಂಜೋಟ್ರಯಜೋಲ್ ಹೆಚ್ಚಾದರೆ ಮಬ್ಬಿನ ಜೊತೆಗೆ ನೆರಳನ್ನೂ ನುಂಗುತ್ತದೆ. 3 ಮಿ.ಲೀ. ಸಾಕು, "ಇನ್ನೊಂಚೂರು ಇರಲಿ" ಎನ್ನಬೇಡಿ. ಹೊಸ ಫಿಲ್ಮಿಗೆ ಇದರ ಅಗತ್ಯ ಕಾಣಲಿಲ್ಲ.

ತಳ ತಿಳಿಗೊಳಿಸಲು ಹೋಗಿ

ರೋಲ್ 2ರಿಂದ ನಾಲ್ಕು ಫ್ರೇಮಿನ ಒಂದು ತುಂಡು ಕತ್ತರಿಸಿ, ಬೆಳ್ಳಿ ಕರಗಿಸಿ ನೆಗೆಟಿವ್ ತೆಳು ಮಾಡುವ ಫಾರ್ಮರ್ಸ್ ರೆಡ್ಯೂಸರಿಗೆ ಹಾಕಿದ್ದು. ಪೊಟ್ಯಾಸಿಯಂ ಫೆರಿಸಯನೈಡ್ 1 ಗ್ರಾಂ 100 ಮಿ.ಲೀ. ನೀರಿನಲ್ಲಿ, ಹೈಪೊ (ಸೋಡಿಯಂ ಥಯೋಸಲ್ಫೇಟ್) 10 ಗ್ರಾಂ ಇನ್ನೊಂದು 100 ಮಿ.ಲೀ.ನಲ್ಲಿ, ಬಳಸುವ ಕ್ಷಣದಲ್ಲೇ ಎರಡನ್ನೂ ಬೆರೆಸಬೇಕು, ಬೆರೆಸಿದ್ದು ಸ್ವಲ್ಪ ಹೊತ್ತಿಗೇ ಸತ್ತುಹೋಗುತ್ತದೆ. ಫೆರಿಸಯನೈಡಿನ ಹತ್ತಿರ ಗಟ್ಟಿ ಆಸಿಡ್ ತರಬೇಡಿ, ವಿಷಗಾಳಿ ಹೊರಡುತ್ತದೆ.

ಎರಡು ನಿಮಿಷಕ್ಕೆ ತಳ ಕಂದಿನಿಂದ ಕಿತ್ತಳೆಗೆ ತಿರುಗಿತು, ನೋಡಲು ಬಲು ಚೆಂದ. ಒಣಗಿಸಿ ಸ್ಕ್ಯಾನ್ ಮಾಡಿದರೆ ಬಾಗಿಲ ಚಿಲಕ ಇಲ್ಲ! ತಳದ ಬೆಳ್ಳಿ ಯಾವುದು, ಚಿತ್ರದ ಬೆಳ್ಳಿ ಯಾವುದು ಎಂದು ರೆಡ್ಯೂಸರಿಗೆ ಗೊತ್ತಿಲ್ಲ. ತೆಳ್ಳಗಿರುವ ನೆರಳನ್ನೇ ಮೊದಲು ತಿಂದಿದೆ. ಕಿತ್ತಳೆ ಮಾಸ್ಕ್ ಬೆಳ್ಳಿಯದಲ್ಲ, ಅದು ಹಾಗೇ ಇದೆ. ಫಿಕ್ಸರಿನಲ್ಲೇ 30 ನಿಮಿಷ ಬಿಟ್ಟೂ ನೋಡಿದ್ದಾಯಿತು: ತಳ ಎಲ್ಲೋ ಒಂದು ಚೂರು ತಿಳಿಯಾಯಿತು, ಕಾದದ್ದಕ್ಕೆ ತಕ್ಕಷ್ಟಲ್ಲ. ತಳವನ್ನು ಅದರ ಪಾಡಿಗೆ ಬಿಟ್ಟು ಬೆಳಕು ಹೆಚ್ಚು ಕೊಡುವುದೇ ಮೇಲು.

ರೋಲ್ 6: ಈಗ ಬಳಸುತ್ತಿರುವ ಕ್ರಮ

1. ಐಎಸ್‌ಒ 200ರ ಫಿಲ್ಮು, 100ಕ್ಕೆ ಮೀಟರ್. ನೆರಳಿನ ದೃಶ್ಯವಾದರೆ 64.
2. ಕತ್ತಲಲ್ಲಿ ಕ್ಯಾನ್ ಬಿಚ್ಚಿ ರೀಲಿಗೆ ಏರಿಸುವುದು. ಲೀಡರಿನ ಎರಡೂ ಮೂಲೆ ಒಂಚೂರು ಓರೆಯಾಗಿ ಕತ್ತರಿಸಿಕೊಂಡಿದ್ದರೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ರೀಲ್ ಪೂರ್ತಿ ಒಣಗಿರಲಿ. ಒಂದು ಹನಿ ನೀರಿದ್ದರೂ ಫಿಲ್ಮು ಅರ್ಧದಲ್ಲಿ ಕಚ್ಚಿಕೊಳ್ಳುತ್ತದೆ.
3. 20 ಡಿಗ್ರಿ ನೀರು, 2 ನಿಮಿಷ. ಪೂರ್ತಿ ಸುರಿಯುವುದು.
4. ಎಚ್‌ಸಿ-110 ಬಿ, 300 ಮಿ.ಲೀ., 7 ನಿಮಿಷ 30 ಸೆಕೆಂಡ್. ಮೊದಲ 30 ಸೆಕೆಂಡ್ ಬಿಡದೆ, ಆಮೇಲೆ ಪ್ರತಿ ನಿಮಿಷದ ಆರಂಭಕ್ಕೆ ನಾಲ್ಕು ಮಗುಚು. ಪ್ರತಿ ಸಲ ಮುಗಿದ ಮೇಲೆ ಟ್ಯಾಂಕಿನ ತಳವನ್ನು ಮೇಜಿಗೆ ಎರಡು ಸಲ ಕುಟ್ಟಿ, ಗಾಳಿಗುಳ್ಳೆ ಬಿಡಲಿ.
5. ಸ್ಟಾಪ್ ಬಾತ್, 30 ಸೆಕೆಂಡ್.
6. ಫಿಕ್ಸರ್ 10 ನಿಮಿಷ, ನಿಮಿಷಕ್ಕೊಮ್ಮೆ ಮಗುಚುವುದು.
7. ಇಲ್ಫರ್ಡ್ ಕ್ರಮದಲ್ಲಿ ಜಾಲಿಸುವುದು: ಹೊಸ ನೀರು ತುಂಬಿ 5 ಸಲ ಮಗುಚಿ ಸುರಿ, ಮತ್ತೆ ತುಂಬಿ 10, ಮತ್ತೆ ತುಂಬಿ 20. ಪದರ ದಪ್ಪವಾದ್ದರಿಂದ ಇನ್ನೊಂದು 20 ಸೇರಿಸಿದ್ದೇನೆ.
8. ವೆಟ್ಟಿಂಗ್ ಏಜೆಂಟ್ (ಒಣಗುವಾಗ ನೀರಿನ ಕಲೆ ಬೀಳದಂತೆ ತಡೆಯುವ ದ್ರಾವಣ) 1+200, 300 ಮಿ.ಲೀ.ಗೆ 1.5 ಮಿ.ಲೀ., ಒಂದು ನಿಮಿಷ. ಸಿ-41ರ ಸ್ಟೆಬಿಲೈಸರ್ ಬೇಡ, ಕಾಪಾಡಲು ಇಲ್ಲಿ ಬಣ್ಣವೇ ಇಲ್ಲ.

ನೀರು 24 ಡಿಗ್ರಿಗಿಂತ ಕೆಳಗಿಳಿಯದ ದಿನ ಡೆವಲಪರಿನ ಹೊತ್ತು 5 ನಿಮಿಷ 15 ಸೆಕೆಂಡಿಗೆ ಬರುತ್ತದೆ. ಅದಕ್ಕಿಂತ ಕಡಿಮೆ ಮಾಡಬೇಡಿ, ಸುರಿಯುವ ತುಂಬುವ ಹೊತ್ತೇ ಹೆಚ್ಚಾಗಿ ಫಿಲ್ಮು ಒಂದೇ ಸಮ ಬರುವುದಿಲ್ಲ. ಜೆಲಟಿನ್ 38 ಡಿಗ್ರಿ ತಡೆಯಲೆಂದೇ ಗಟ್ಟಿ ಮಾಡಿರುವುದು, ಬಿಸಿಗೆ ಅದು ಹೆದರುವುದಿಲ್ಲ.

ಸ್ಕ್ಯಾನಿಂಗ್

ಸ್ಕ್ಯಾನರಿನಲ್ಲಿ "ಕಲರ್ ನೆಗೆಟಿವ್" ಆರಿಸಿದರೆ ಅದು ಕಿತ್ತಳೆಯನ್ನು ಕಳೆಯಲು ಹೋಗಿ ಮಚ್ಚೆಮಚ್ಚೆ ಮಾಡುತ್ತದೆ. "ಪಾಸಿಟಿವ್" ಎಂದು ಹೇಳಿ 16 ಬಿಟ್ ಬಣ್ಣದಲ್ಲೇ ತೆಗೆದು, ಚಾನೆಲ್ ಬಿಡಿಸಿ, ಕೆಂಪೊಂದನ್ನೇ ಇಟ್ಟುಕೊಂಡು ಇನ್ವರ್ಟ್ ಮಾಡಿ. ಕಿತ್ತಳೆ ತಳ ನೀಲಿಯನ್ನು ತಡೆಯುತ್ತದೆ, ನೀಲಿ ಚಾನೆಲ್ಲಿನಲ್ಲಿ ಉಳಿಯುವುದು ಗದ್ದಲ ಮಾತ್ರ. ಮೂರನ್ನೂ ಬೆರೆಸಿ ಗ್ರೇಸ್ಕೇಲ್ ಮಾಡಿದರೆ ಆ ಗದ್ದಲವನ್ನೂ ಸೇರಿಸಿಕೊಂಡಂತೆ. ಇನ್ಫ್ರಾರೆಡ್ ಧೂಳು ತೆಗೆಯುವ ಸೌಲಭ್ಯ ಆಫ್ ಮಾಡಲೇಬೇಕು: ಬೆಳ್ಳಿ ಇನ್ಫ್ರಾರೆಡ್ಡನ್ನೂ ತಡೆಯುವುದರಿಂದ ಚಿತ್ರವನ್ನೇ ಧೂಳೆಂದು ತಿಳಿದು ಒರೆಸುತ್ತದೆ.

ಸ್ಕ್ಯಾನರಿನ ಬದಲು ಕ್ಯಾಮೆರಾದಿಂದ ನೆಗೆಟಿವಿನ ಫೋಟೊ ತೆಗೆಯುವವರಿಗೆ: ಐಎಸ್‌ಒ 100, ಎಫ್ 8, ರಾ. ಅದೇ ಲೈಟ್ ಪ್ಯಾನಲಿನ ಮೇಲೆ ಮಾಮೂಲಿ ಕಪ್ಪು-ಬಿಳುಪು ನೆಗೆಟಿವಿಗೆ 1/60 ಸೆಕೆಂಡ್ ಸಾಕಾಗುತ್ತಿದ್ದರೆ ಇದಕ್ಕೆ 1/8 ಬೇಕಾಯಿತು, ಮೂರು ಸ್ಟಾಪ್. ಕ್ಯಾಮೆರಾದ ಸ್ಟ್ಯಾಂಡ್ ಅಲುಗಾಡಬಾರದು, ಟೈಮರ್ ಹಾಕಿ. ಹಿಸ್ಟೋಗ್ರಾಂನಲ್ಲಿ ಮೂರೂ ಚಾನೆಲ್ ಬೇರೆಬೇರೆ ನೋಡಿ. ಮೊದಲು ಬಲಗಡೆ ಗೋಡೆಗೆ ಬಡಿಯುವುದು ಕೆಂಪು.

ಎನ್‌ಲಾರ್ಜರಿನಲ್ಲಿ

ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಇಳಿಸುವ ಯಂತ್ರ ಇದು. ಮಲ್ಟಿಗ್ರೇಡ್ (ಬೆಳಕಿನ ಬಣ್ಣದಿಂದ ಕಾಂಟ್ರಾಸ್ಟ್ ಬದಲಾಗುವ) ಕಾಗದಕ್ಕೆ ನೀಲಿ ಬೆಳಕು ಗಟ್ಟಿ ಕಾಂಟ್ರಾಸ್ಟ್ ಕೊಡುತ್ತದೆ, ಹಸಿರು ಸಪ್ಪೆ. ಕಿತ್ತಳೆ ತಳ ನೀಲಿಯನ್ನೇ ನುಂಗುವುದರಿಂದ ಚಿತ್ರ ಸಪ್ಪೆ, ಹೊತ್ತೂ ಉದ್ದ. ಎಫ್ 5.6, ಗ್ರೇಡ್ 5 ಫಿಲ್ಟರ್, 90 ಸೆಕೆಂಡಿಗೆ ಒಂದು ನೋಡುವಂಥ ಪ್ರಿಂಟ್ ಬಂತು. ಮಾಮೂಲಿ ನೆಗೆಟಿವಿಗೆ ಅಲ್ಲೇ 12 ಸೆಕೆಂಡ್, ಗ್ರೇಡ್ 2. 90 ಸೆಕೆಂಡಿನಷ್ಟು ಹೊತ್ತಿಗೆ ನೆಗೆಟಿವ್ ಬಿಸಿಯಾಗಿ ಉಬ್ಬಿ ಫೋಕಸ್ ತಪ್ಪುತ್ತದೆ, ನೆಗೆಟಿವನ್ನು ಚಪ್ಪಟೆಯಾಗಿ ಹಿಡಿಯುವ ಗಾಜಿನ ಕ್ಯಾರಿಯರ್ ಬೇಕು. ಕಾಗದದ ಮೇಲೆ ಪ್ರಿಂಟ್ ಮಾಡುವುದೇ ಉದ್ದೇಶವಾದರೆ ಈ ದಾರಿ ಹಿಡಿಯಬೇಡಿ.

ಉಳಿದ ಲೆಕ್ಕ

ರೋಲಿಗೆ 9.4 ಮಿ.ಲೀ.ನಂತೆ 1 ಲೀಟರ್ ಸಿರಪ್ಪು ನೂರು ರೋಲ್ ದಾಟುತ್ತದೆ. ಬೇಗ ಖಾಲಿಯಾಗುವುದು ಫಿಕ್ಸರೇ. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಇರುತ್ತದೆ, ಮೋರಿಗೆ ಸುರಿಯದೆ ಬೇರೆ ಕ್ಯಾನಿನಲ್ಲಿ ಕೂಡಿಡುತ್ತಿದ್ದೇನೆ. ರೋಲ್ 6ರ 11 ಮತ್ತು 12ನೇ ಫ್ರೇಮಿನಲ್ಲಿ ಸಾಸಿವೆ ಗಾತ್ರದ ಎರಡು ಗುಂಡು ಕಲೆಗಳಿವೆ. ನೆಗೆಟಿವಿನಲ್ಲಿ ತೆಳು, ಪಾಸಿಟಿವಿನಲ್ಲಿ ಕಪ್ಪು: ಗಾಳಿಗುಳ್ಳೆಯ ಗುರುತು. ಟ್ಯಾಂಕ್ ಕುಟ್ಟಿದ್ದು ಸಾಲಲಿಲ್ಲ. ಮುಂದಿನ ರೋಲಿಗೆ 350 ಮಿ.ಲೀ. ಹಾಕಿ, ಸಿರಪ್ಪು 10.9 ಮಿ.ಲೀ.ಗೆ ಏರಿಸಿ ನೋಡಬೇಕು.